ಬರಿಗಾಲಲ್ಲಿ ಹತ್ತಿದ ಕೆಂಪು ಕಾರು

ಯಶವಂತಪುರ

ಇಟಲಿಗೆ ಹೋಗಿ ಬಂದವನು ಎಂದರೆ ಜನ ಮೊದಲು ಕೇಳುವುದು ಅಲ್ಲಿನ ಚರ್ಚುಗಳ ವಿಚಾರ, ಆಮೇಲೆ ಊಟದ ವಿಚಾರ. ಎರಡನ್ನೂ ನಾನು ಬಲ್ಲೆ ಎನ್ನುವಂತಿಲ್ಲ. ಚರ್ಚುಗಳನ್ನು ಹೊರಗಿನಿಂದ ನೋಡಿದೆ, ಊಟವನ್ನು ಹೆಚ್ಚಾಗಿ ತಟ್ಟೆಯಲ್ಲೇ ಬಿಟ್ಟೆ. ನನಗೆ ಚೆನ್ನಾಗಿ ಗೊತ್ತಿರುವುದು ಮಿಲಾನಿನಿಂದ ಟೊರಿನೊ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಒಂದು ಕಾಲುವೆ. ಅದರ ದಡದ ಹುಲ್ಲು, ನೀರಿನ ಬಣ್ಣ, ಆಳ ಎಷ್ಟಿರಬಹುದು ಎಂಬ ಅಂದಾಜು, ಎಲ್ಲ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕುಳಿತು, ಕಾಲುವೆಯೊಳಕ್ಕೆ ಬೀಳುವುದಕ್ಕೆ ಎರಡು ಗೇಣು ಬಾಕಿ ಇರುವಾಗ ನಾನು ಅದನ್ನು ನೋಡಿದ್ದು.

ನಮ್ಮದು ಜಾಲಹಳ್ಳಿ. ಊರ ಪಕ್ಕದ ರಾಗಿ ಹೊಲಗಳೆಲ್ಲ ಸರ್ಕಾರದ ಕಾರ್ಖಾನೆಗಳಿಗೆ ಹೋದಾಗ ನಮ್ಮ ಹೊಲವೂ ಹೋಯಿತು. ಅದರ ಹಿಂದೆಯೇ ನಾನೂ ಕಾರ್ಖಾನೆಯೊಳಕ್ಕೆ ಹೋದೆ. ಅಪ್ಪ ನೇಗಿಲು ಹೂಡುತ್ತಿದ್ದ ಜಾಗದಲ್ಲೇ ನಾನು ಸಾಣೆ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಐದಾರು ವರ್ಷ ಹಾಗೆ ನಿಂತ ಮೇಲೆ, ಇಟಲಿಯಿಂದ ತರಿಸುವ ಹೊಸ ಯಂತ್ರವೊಂದನ್ನು ಕಲಿತು ಬರಲು ಆರು ತಿಂಗಳ ಮಟ್ಟಿಗೆ ನನ್ನನ್ನು ಆರಿಸಿದರು. ಆಗ ಅರವತ್ತರ ದಶಕ ಶುರುವಾಗಿತ್ತಷ್ಟೆ. ಪೂನಾ ಕಡೆಯ ರೈಲು ಹತ್ತಿ, ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗು. ಊರಿಗೆ ಊರೇ ಯಶವಂತಪುರದ ಸ್ಟೇಷನ್ನಿಗೆ ಬಂದಿತ್ತು.

ಅವ್ವ ಕಿಟಕಿಯ ಸರಳು ಹಿಡಿದುಕೊಂಡು, "ಉಸಾರಾಗಿ ಓಗ್ಬಾ ಮಗಾ. ಅವ್ರ ಮುಂದೆ ನಮ್ಮೂರ್ ಮಾನ ಕಳೀಬ್ಯಾಡ," ಎಂದಳು.

"ಮಾನ ಕಳ್ಯೋ ಅಂಥದ್ದು ನಾನೇನ್ ಮಾಡ್ತೀನವ್ವ?"

"ನಂಗೇನ್ ಗೊತ್ತು? ನೀನ್ ಎಲ್ಲೋದ್ರೂ ಏನಾದ್ರೊಂದು ಮಾಡ್ತೀಯ."

ಅಷ್ಟು ಜನರ ಮುಂದೆ ಹಾಗೆ ಅಂದದ್ದಕ್ಕೆ ನನಗೆ ಕೋಪ ಬಂತು. ರೈಲು ಹೊರಟದ್ದರಿಂದ ಜಗಳವಾಡಲು ಆಗಲಿಲ್ಲ.

ಮಿಲಾನ್

ಹಡಗಿನ ದಿನಗಳ ವಿಚಾರ ಬರೆಯುವುದಿಲ್ಲ. ಬಹುಪಾಲು ಮಲಗಿದ್ದೆ, ಮಿಕ್ಕ ಪಾಲು ಕಟಕಟೆ ಹಿಡಿದು ಸಮುದ್ರದ ಕಡೆಗೆ ಬಗ್ಗಿದ್ದೆ.

ಮಿಲಾನಿನ ಕಾರ್ಖಾನೆಯಲ್ಲಿ ಮೊದಲ ವಾರವೇ ಊಟದ ಮನೆಯಲ್ಲಿ ಒಬ್ಬ ನನ್ನನ್ನು ಕೇಳಿದ: ನಿಮ್ಮ ದೇಶದಲ್ಲಿ ಜನ ಕಾಲಿಗೆ ಏನಾದರೂ ಹಾಕಿಕೊಳ್ಳುತ್ತಾರೆಯೇ? ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಯಾವುದೋ ಚಿತ್ರದಲ್ಲಿ ಆನೆಯನ್ನೂ ಬರಿಗಾಲಿನ ಮಾವುತನನ್ನೂ ನೋಡಿದ್ದನಂತೆ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. "ಎಲ್ಲರೂ ಹಾಕುತ್ತಾರೆ, ಚಿಕ್ಕವರು, ದೊಡ್ಡವರು, ಎಲ್ಲರೂ," ಎಂದು ಖಡಾಖಂಡಿತವಾಗಿ ಹೇಳಿದೆ. ನಮ್ಮಪ್ಪ ಸಾಯುವವರೆಗೂ ಚಪ್ಪಲಿ ಮೆಟ್ಟಿದವನಲ್ಲ. ಆ ಶನಿವಾರವೇ ಹೋಗಿ, ಮುಂದೆ ಚೂಪಾಗಿರುವ, ಕನ್ನಡಿಯಂತೆ ಹೊಳೆಯುವ ಕಪ್ಪು ಬೂಟುಗಳನ್ನು ಕೊಂಡುಕೊಂಡೆ. ಕಿರುಬೆರಳು ಅದರೊಳಗೆ ದಿನವೂ ಅಳುತ್ತಿತ್ತು. ಆದರೂ ಮಲಗುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ಯಾರೂ ನನ್ನ ಪಾದ ನೋಡಬಾರದು ಎಂದು ತೀರ್ಮಾನ ಮಾಡಿದ್ದೆ.

ನನಗೆ ಕೆಲಸ ಕಲಿಸಲು ಕೊಟ್ಟ ಮೇಸ್ತ್ರಿಯ ಹೆಸರು ಕಾರ್ಲೊ. ನಲವತ್ತೈದರ ಆಸುಪಾಸಿನ ದಪ್ಪ ಮೀಸೆಯ ಮನುಷ್ಯ, ಬಲಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಹಿಡಿದುಕೊಂಡು, ಕಣ್ಣು ತುಂಬಿಕೊಂಡು, "ಮೊಟ್ಟೆ ಬೇಕಾ ಸಾಮೀ?" ಎಂದ.

ನಾನು ತಬ್ಬಿಬ್ಬಾದೆ. ಆಮೇಲೆ ತಿಳಿಯಿತು. ಯುದ್ಧದಲ್ಲಿ ಇಂಗ್ಲಿಷರ ಕೈಗೆ ಸಿಕ್ಕಿಬಿದ್ದ ಇಟಲಿಯ ಸಿಪಾಯಿಗಳನ್ನು ತಂದು ನಮ್ಮೂರ ಪಕ್ಕದಲ್ಲಿ ಮುಳ್ಳುತಂತಿಯ ಬೇಲಿ ಹಾಕಿ ಇಟ್ಟಿದ್ದರಲ್ಲ, ಅವರಲ್ಲಿ ಇವನೂ ಒಬ್ಬ. ಬೇಲಿಯ ಹತ್ತಿರ ಮೊಟ್ಟೆ, ಸೀಬೆಹಣ್ಣು ಮಾರಲು ಬರುತ್ತಿದ್ದ ನಮ್ಮೂರ ಹೆಂಗಸರಿಂದ ಅಷ್ಟಿಷ್ಟು ಕನ್ನಡ ಕಲಿತಿದ್ದ. ಇಂಡಿಯಾದಿಂದ ಒಬ್ಬ ಬರುತ್ತಾನೆ, ಜಾಲಹಳ್ಳಿಯವನಂತೆ ಎಂದು ಗೊತ್ತಾದಾಗ, ನನಗೇ ಕೊಡಿ ಎಂದು ಹಟ ಹಿಡಿದು ಕೇಳಿಕೊಂಡನಂತೆ. ಇಟಲಿಯವರ ನಾಲಗೆಗೆ ಹಕಾರ ಹೊರಳುವುದಿಲ್ಲ. ಆದ್ದರಿಂದ ಅವನು "ಜಾಲಳ್ಳಿ" ಎಂದರೆ, "ಆಲು", "ಅಣ್ಣು" ಎಂದರೆ, ನಮ್ಮ ಅವ್ವನೇ ಮಾತಾಡಿದಂತಿತ್ತು. ನಾನು ಅವನನ್ನು ಕಾರ್ಲಣ್ಣ ಎಂದು ಕರೆಯತೊಡಗಿದೆ, ಅವನು ನನ್ನನ್ನು ಮುನಿ ಎಂದು. ನಮ್ಮ ಮಾತು ಕನ್ನಡ, ಇಂಗ್ಲಿಷು, ಇಟಾಲಿಯನ್ ಮೂರೂ ಸೇರಿದ ಚಿತ್ರಾನ್ನ. ಓದುವವರ ಅನುಕೂಲಕ್ಕೆ ಕನ್ನಡದಲ್ಲೇ ಬರೆಯುತ್ತೇನೆ.

ಕಾರ್ಲಣ್ಣನ ಬಳಿ ಒಂದು ಕೆಂಪು ಕಾರಿತ್ತು. ಇಬ್ಬರಷ್ಟೇ ಕೂರುವಂಥದ್ದು, ಮೇಲೆ ಚಾವಣಿಯಿಲ್ಲ, ನೆಲಕ್ಕೆ ಹೊಟ್ಟೆ ತಾಕುವಷ್ಟು ತಗ್ಗು. ನಮ್ಮೂರ ಬೇಲಿಯೊಳಗೆ ಇದ್ದಾಗ ಅವನು ಇಂಥದೇ ಕಾರಿನ ಚಿತ್ರವನ್ನು ಕೆಮ್ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆಯುತ್ತಿದ್ದನಂತೆ. ಬೆಳಿಗ್ಗೆ ಬರೆಯುವುದು, ಸಂಜೆಯೊಳಗೆ ಗಾಳಿಗೋ ಕಾವಲಿನವರ ಬೂಟಿಗೋ ಅಳಿಸಿಹೋಗುವುದು, ಮತ್ತೆ ಬೆಳಿಗ್ಗೆ ಬರೆಯುವುದು. "ನಾಲ್ಕು ವರ್ಷ," ಎಂದು ಬೆರಳು ತೋರಿಸುತ್ತಿದ್ದ. ಈಗ ಯಾರೋ ಕೆಡಿಸಿ ಮೂಲೆಗೆ ಹಾಕಿದ್ದ ಗಾಡಿಯನ್ನು ತಂದು, ಇಂಜಿನ್ ಬಿಚ್ಚಿ, ತಿಂಗಳುಗಟ್ಟಲೆ ಕೂತು ತಾನೇ ಜೋಡಿಸಿದ್ದ.

ಅವನ ಹೆಂಡತಿ ರೋಸಾ ಒಂದೇ ಒಂದು ಷರತ್ತು ಹಾಕಿದ್ದಳು. ಆಫ್ರಿಕಾದ ಯುದ್ಧದಲ್ಲಿ ಅವನ ಬಲಗಾಲಿಗೆ ಗುಂಡಿನ ಚೂರು ಹೊಕ್ಕಿತ್ತು. ಆ ಕಾಲು ಒಂದೇ ಒಂದು ಸಲ ಕೈಕೊಟ್ಟರೂ ಸಾಕು, ಕಾರು ತನ್ನ ತಮ್ಮ ಪಿಯೆತ್ರೊನ ಪಾಲು. ಈ ಪಿಯೆತ್ರೊ ಭಾನುವಾರ ಭಾನುವಾರ ಅಕ್ಕನ ಮನೆಗೆ ಬಂದು, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಕಾರನ್ನು ಸುತ್ತಿ ಸುತ್ತಿ ನೋಡಿ, ಭಾವನ ಕಾಲು ಹೇಗಿದೆ ಎಂದು ವಿಚಾರಿಸಿ ಹೋಗುತ್ತಿದ್ದ.

ಹೆದ್ದಾರಿ

ಕಾರ್ಖಾನೆಗೆ ರಜೆಯಿದ್ದ ಒಂದು ಶನಿವಾರ ಬೆಳಿಗ್ಗೆ, ಕಾರಿನ ಮೊದಲ ದೂರದ ಪ್ರಯಾಣಕ್ಕೆ ನನ್ನನ್ನು ಕರೆದ. ದೂರದಿಂದ ಹಿಮದ ಬೆಟ್ಟ ತೋರಿಸುತ್ತೇನೆ ಎಂದ.

ಕಾರು ಮನೆಯ ಮುಂದೆ ನಿಂತಿತ್ತು. ಒಳಗಿನ ಜಮಖಾನವನ್ನು ರೋಸಾ ತೊಳೆದು ಒಣಗಿಸಿ ಹಾಸಿದ್ದಳು. ಕಾರ್ಲಣ್ಣ ಒಳಗೆ ಟೋಪಿ ತರಲು ಹೋಗಿದ್ದ. ಬಾಗಿಲು ತೆಗೆದು ನೋಡಿದೆ, ಕಾಲಿಡಲು ಮನಸ್ಸೇ ಬರಲಿಲ್ಲ. ಬಾಗಲಗುಂಟೆಯ ನಮ್ಮ ಚಿಕ್ಕಪ್ಪ ಲಾರಿ ತಂದಾಗ ವರ್ಷವಿಡೀ ಯಾರೂ ಕಾಲಲ್ಲಿದ್ದದ್ದನ್ನು ಬಿಡದೆ ಅದನ್ನು ಹತ್ತಿದ್ದಿಲ್ಲ. ನಮಗೆ ಅನ್ನ ಕೊಡುವ ಗಾಡಿ, ಪೂಜೆ ಮಾಡಿಸಿದ ಗಾಡಿ. ಹೊಸಲು ದಾಟುವಾಗ ಬಿಡುವ ಹಾಗೆ ಬಿಟ್ಟೇ ಹತ್ತಬೇಕು. ಇದಕ್ಕೆ ಪೂಜೆಯಾಗಿರಲಿಲ್ಲ, ನಿಜ. ಆದರೆ ಒಬ್ಬ ಮನುಷ್ಯ ನಾಲ್ಕು ವರ್ಷ ಮಣ್ಣಿನಲ್ಲಿ ಬರೆದುಕೊಂಡಿದ್ದ ಗಾಡಿಯೊಳಗೆ ಮಿಲಾನಿನ ಬೀದಿಯ ಕೊಳೆ ಮೆಟ್ಟಿಕೊಂಡು ಹತ್ತುವುದು ನನ್ನಿಂದಾಗಲಿಲ್ಲ. ಯೋಚನೆ ಮಾಡುವ ಮೊದಲೇ ಬೂಟು ಬಿಚ್ಚಿಯಾಗಿತ್ತು. ಕಾಲುಚೀಲವನ್ನೂ ಬಿಚ್ಚಿ ಬೂಟಿನೊಳಗೆ ತುರುಕಿ, ಬಾಗಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತೆ.

ಕೂತ ಮೇಲೆ ಊಟದ ಮನೆಯ ಪ್ರಶ್ನೆ ನೆನಪಾಯಿತು. ಕಾರ್ಲಣ್ಣ ನೋಡಿದರೆ ಏನೆಂದುಕೊಂಡಾನು? ನನ್ನ ಕಾಲ ಬಳಿ ರೋಸಾ ಕೊಟ್ಟ ತಿಂಡಿಯ ಬುಟ್ಟಿ ಇತ್ತು. ಪಾದಗಳನ್ನು ಅದರ ಹಿಂದೆ ಮರೆಮಾಡಿದೆ. ಬೂಟುಗಳಿಗೆ ಜಾಗವಿರಲಿಲ್ಲ. ಪಕ್ಕದ ಸೀಟಿನ ಕೆಳಗೆ ಒಳ್ಳೆಯ ಸಂದಿಯಿತ್ತು. ಎರಡನ್ನೂ ಅಲ್ಲಿಗೆ ತಳ್ಳಿ, ಸಾಹೇಬನಂತೆ ಕೈಕಟ್ಟಿ ಕುಳಿತೆ.

ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ, ಓಡಿಸುವವನು ಎಡಗಡೆ ಕೂರುತ್ತಾನೆ. ನಮ್ಮಲ್ಲಿ ಡ್ರೈವರ್ ಕೂರುವ ಜಾಗದಲ್ಲಿ ನಾನು ಕುಳಿತಿದ್ದೆ, ಕೈಯಲ್ಲಿ ಚಕ್ರವಿಲ್ಲ. ಚಿಕ್ಕಪ್ಪನ ಲಾರಿ ಓಡಿಸಿದ್ದ ನನ್ನ ಬಲಗಾಲು ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಅಲ್ಲಿಯವರೆಗೆ ನಾನು ಕಂಡ ವೇಗವೆಂದರೆ ದಾಸರಹಳ್ಳಿಯ ಇಳಿಜಾರಿನಲ್ಲಿ ತುಮಕೂರು ಬಸ್ಸಿನದು, ಅದೂ ಡ್ರೈವರಿಗೆ ಹಸಿವಾಗಿದ್ದಾಗ. ಇಲ್ಲಿ ಗಾಳಿ ನನ್ನ ಕೆನ್ನೆಗಳನ್ನು ಕಿವಿಯ ಹಿಂದಕ್ಕೆ ಒಯ್ಯುತ್ತಿತ್ತು. "ಯೆಂಗೈತೆ?" ಎಂದು ಕಾರ್ಲಣ್ಣ ಕೂಗಿದ. ಬಾಯಿ ತೆರೆದರೆ ಗಾಳಿ ಒಳಗೆ ನುಗ್ಗಿ ಮಾತು ಹೊಟ್ಟೆಗೆ ವಾಪಸ್ಸು ಹೋಗುತ್ತಿತ್ತು. ತಲೆಯಾಡಿಸಿದೆ.

ಆ ಹೆದ್ದಾರಿಯಲ್ಲಿ ಮೂರು ಸಾಲು. ಒಂದು ಹೋಗುವವರಿಗೆ, ಒಂದು ಬರುವವರಿಗೆ. ನಡುವಿನದು ಮುಂದಿನ ಗಾಡಿಯನ್ನು ಹಿಂದಕ್ಕೆ ಹಾಕುವವರಿಗೆ, ಎರಡೂ ಕಡೆಯವರಿಗೂ ಸೇರಿದ್ದು. ಯಾರು ಮೊದಲು ನುಗ್ಗಿದರೆ ಅವರದು. ಇಂಥ ಏರ್ಪಾಡನ್ನು ನಾನು ಯಶವಂತಪುರದ ಮಂಡಿಯಲ್ಲಿ ಎತ್ತಿನ ಗಾಡಿಗಳ ನಡುವೆ ಮಾತ್ರ ಕಂಡಿದ್ದೆ. ಅಲ್ಲಿ ಎತ್ತುಗಳಿಗೆ ಬುದ್ಧಿ ಇರುತ್ತದೆ, ತಾವೇ ನಿಲ್ಲುತ್ತವೆ.

ನಮ್ಮ ಮುಂದೆ ಒಂದು ಲಾರಿ. ಅದರ ತುಂಬ ದ್ರಾಕ್ಷಾರಸದ ದೊಡ್ಡ ದೊಡ್ಡ ಗಾಜಿನ ಬುರುಡೆಗಳು, ಒಂದೊಂದಕ್ಕೂ ಹುಲ್ಲಿನ ಅಂಗಿ. ಅದನ್ನು ಹಿಂದಕ್ಕೆ ಹಾಕಲು ಕಾರ್ಲಣ್ಣ ನಡುವಿನ ಸಾಲಿಗೆ ತಿರುಗಿಸಿದ. ಎದುರಿಗೆ ಅದೇ ನಡುವಿನ ಸಾಲಿನಲ್ಲಿ ಒಂದು ಬಸ್ಸು ಬರುತ್ತಿತ್ತು. ಅವನು ಗಾಬರಿಯಾಗದೆ ಮತ್ತೆ ಲಾರಿಯ ಹಿಂದಕ್ಕೆ ಬಂದ, ಬ್ರೇಕ್ ಒತ್ತಿದ. ಕಾರು ನಿಧಾನವಾಗಲಿಲ್ಲ. ಮತ್ತೆ ಒತ್ತಿದ. ಅವನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣಿಸಿತು. ಹುಲ್ಲಿನ ಅಂಗಿ ತೊಟ್ಟ ಬುರುಡೆಗಳು ನಮ್ಮ ಮುಖದ ಮೇಲೆಯೇ ಬಂದವು. ಒಂದರ ಬಿರಡೆಯ ಮೇಲಿನ ಅರಗು ಸೀಳಿದ್ದೂ ಕಂಡಿತು.

ಕಾರ್ಲಣ್ಣ ಬಲಕ್ಕೆ ಎಳೆದ. ಗೇರು ಕೆಳಕ್ಕೆ ಹಾಕಿದ, ಕೈಬ್ರೇಕನ್ನು ಎತ್ತಿದ. ಕಾರು ರಸ್ತೆ ಬಿಟ್ಟು ಹುಲ್ಲಿಗೆ ಇಳಿದು, ಕುಂಟುತ್ತ, ಜಾರುತ್ತ ಹೋಯಿತು. ಇಬ್ಬರೂ ತಾಯಿಯನ್ನೇ ಕರೆದೆವು. ಅವನು ಅವನ ದೇವರ ತಾಯಿಯನ್ನು, ನಾನು ಜಾಲಹಳ್ಳಿಯಲ್ಲಿದ್ದ ನನ್ನ ತಾಯಿಯನ್ನು. ಕಾರು ನಿಂತಾಗ ಅದರ ಮೂತಿಗೂ ಕಾಲುವೆಗೂ ನಡುವೆ ಉಳಿದದ್ದು ನಾನು ಆಗಲೇ ಹೇಳಿದ ಎರಡು ಗೇಣು. ಲಾರಿಯವನಿಗೆ ಏನೂ ಗೊತ್ತಾಗಲಿಲ್ಲ. ಅವನು ತನ್ನ ಪಾಡಿಗೆ ಹೋದ.

ಕಾಲುವೆಯ ದಡ

ಕಾಲುವೆಯ ಆಚೆ ಭತ್ತದ ಗದ್ದೆ. ಹೆಬ್ಬಾಳದ ಕೆರೆಯ ಕೆಳಗೆ ಇರುವಂಥದ್ದೇ, ಆದರೆ ಕಣ್ಣು ಹೋದಷ್ಟು ದೂರ. ಅಗಲವಾದ ಹುಲ್ಲಿನ ಟೋಪಿ ಹಾಕಿದ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಸಾಲಾಗಿ ನಿಂತು ಕಳೆ ಕೀಳುತ್ತಿದ್ದರು. ಎಲ್ಲರೂ ಒಟ್ಟಿಗೆ ಸೊಂಟ ನೆಟ್ಟಗೆ ಮಾಡಿ ನಮ್ಮನ್ನು ನೋಡಿದರು. ಅವರಲ್ಲಿ ಒಬ್ಬ ಹಿರಿಯಳು ಸಣ್ಣ ಸೇತುವೆ ದಾಟಿ ಬಂದು, ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾರ್ಲಣ್ಣನಿಗೆ ಬೈಯತೊಡಗಿದಳು. ಒಂದು ಪದವೂ ನನಗೆ ತಿಳಿಯಲಿಲ್ಲ, ಅರ್ಥ ಮಾತ್ರ ಪೂರ್ತಿ ತಿಳಿಯಿತು. ನಮ್ಮ ದೊಡ್ಡಮ್ಮ ಗದ್ದೆಗೆ ದನ ಬಿಟ್ಟವರನ್ನು ಹಾಗೇ ಬೈಯುವುದು.

ಬೈಯುತ್ತ ಬೈಯುತ್ತ ಅವಳ ಕಣ್ಣು ನನ್ನ ಬರಿಯ ಕಾಲುಗಳ ಮೇಲೆ ಬಿತ್ತು. ಕೆಸರು ಮೆತ್ತಿದ ತನ್ನ ಕಾಲುಗಳನ್ನು ಒಮ್ಮೆ ನೋಡಿಕೊಂಡಳು. ಬೈಗುಳ ನಿಲ್ಲಿಸಿ, ಒಳ್ಳೆಯ ಹುಡುಗ ಎನ್ನುವಂತೆ ಬೆನ್ನು ತಟ್ಟಿ, ಹೂಜಿಯಿಂದ ನನಗೆ ನೀರು ಕೊಟ್ಟಳು. ಕಾರ್ಲಣ್ಣನಿಗೆ ಕೊಡಲಿಲ್ಲ.

ಅವನು ಇದೊಂದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಹುಲ್ಲಿನ ಮೇಲೆ ಕೂತು, ಬಲ ಮೊಣಕಾಲನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದ.

"ಒತ್ತಿದೆ ಮುನಿ," ಎಂದ. "ಕಾಲು ಒತ್ತಿತು ಅಂದ್ಕೊಂಡೆ. ಒತ್ತಲೇ ಇಲ್ಲ. ರೋಸಾ ಸರಿಯಾಗೇ ಹೇಳಿದ್ದಳು. ಕಾಲು ಸತ್ತುಹೋಗಿದೆ."

ಅವನಿಗೆ ಕುಡಿಯಲು ಏನಾದರೂ ಕೊಡೋಣ ಎಂದು ಬುಟ್ಟಿ ತರಲು ಕಾರಿನ ಬಳಿ ಹೋದೆ. ಬಗ್ಗಿದವನು ಹಾಗೇ ನಿಂತೆ. ಬ್ರೇಕಿನ ಕೆಳಗೆ, ಯಾರೋ ಅಳತೆ ಮಾಡಿ ಬೆಣೆ ಹೊಡೆದ ಹಾಗೆ, ನನ್ನ ಎಡಗಾಲಿನ ಬೂಟು ಸಿಕ್ಕಿಕೊಂಡಿತ್ತು. ಸೀಟಿನ ಸಂದಿಯಿಂದ ಅದು ದಾರಿಯುದ್ದಕ್ಕೂ ಇಷ್ಟಿಷ್ಟೇ ಮುಂದಕ್ಕೆ ಜಾರಿಕೊಂಡು ಬಂದಿತ್ತು.

ಎಳೆದು ತೆಗೆದೆ. ಹೊಳೆಯುವ ಚರ್ಮದ ಮೇಲೆ ಬ್ರೇಕಿನ ಪೆಡಲಿನ ಹಿಂಬದಿಯ ಗೆರೆಗಳು ಎಣಿಸುವ ಹಾಗೆ ಅಚ್ಚೊತ್ತಿದ್ದವು. ಸತ್ತುಹೋದ ಕಾಲು ಅಷ್ಟು ಬಲವಾಗಿ ಒತ್ತಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವನು ನೋಡುವ ಮೊದಲೇ ಸೀಟಿನ ಕೆಳಗಿದ್ದ ಇನ್ನೊಂದನ್ನೂ ಎಳೆದುಕೊಂಡು, ಎರಡಕ್ಕೂ ಕಾಲು ತೂರಿಸಿ ದಾರ ಬಿಗಿದೆ. ಹೇಳಿದರೆ ಯಾಕೆ ಬಿಚ್ಚಿದೆ ಎಂದು ಕೇಳುತ್ತಾನೆ. ಸೋಮವಾರ ಊಟದ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ. ಬರಿಗಾಲಿನ ದೇಶದವನು ಕಾರು ಹತ್ತುವಾಗ ಬೂಟು ಬಿಚ್ಚಿ ಮೇಸ್ತ್ರಿಯನ್ನು ಕೊಲ್ಲಲು ಹೋಗಿದ್ದ. ಯಶವಂತಪುರದ ಸ್ಟೇಷನ್ನಿನಲ್ಲಿ ಸಿಟ್ಟು ಮಾಡಿಕೊಂಡವನು ಅವ್ವನ ಮಾತನ್ನು ಇಟಲಿಯವರೆಗೆ ಬಂದು ನಿಜ ಮಾಡಿದ್ದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ಬಾಯಿ ಬಿಡಲಿಲ್ಲ.

ಕಾಫಿ ಅಂಗಡಿ

ಅಲ್ಲಿಂದ ಕಾರ್ಲಣ್ಣ ರಸ್ತೆಯ ಅಂಚಿನಲ್ಲಿ ಮದುವೆ ದಿಬ್ಬಣದ ವೇಗದಲ್ಲಿ ಓಡಿಸಿದ. ಬ್ರೇಕು ಈಗ ಬೆಣ್ಣೆಯಂತೆ ಹಿಡಿಯುತ್ತಿತ್ತು, ಆದರೆ ಅವನಿಗೆ ಅದರ ಮೇಲೆ ನಂಬಿಕೆ ಹೋಗಿತ್ತು. ಕಾಲಿನ ಮೇಲೆ ಮೊದಲೇ ಹೋಗಿತ್ತು. ಹಾಲಿನ ವ್ಯಾನು, ಕೋಳಿಯ ವ್ಯಾನು ಎಲ್ಲ ನಮ್ಮನ್ನು ಹಿಂದಕ್ಕೆ ಹಾಕಿ ಹೋದವು. ಕೋಳಿಗಳೂ ತಿರುಗಿ ನೋಡಿದವು.

ಲಾರಿಯವರು ನಿಲ್ಲುವ ಒಂದು ಕಾಫಿ ಅಂಗಡಿಯ ಮುಂದೆ ನಿಲ್ಲಿಸಿದ. ಗಾಜಿನ ಬುರುಡೆಗಳ ಲಾರಿ ಅಲ್ಲೇ ನಿಂತಿತ್ತು, ಒಂದೂ ಒಡೆದಿರಲಿಲ್ಲ. ಅಲ್ಲಿ ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಉದ್ಧರಣೆಯಷ್ಟು ಕೊಡುತ್ತಾರೆ, ಅದೂ ಕಷಾಯದ ಹಾಗಿರುತ್ತದೆ. ಕಾರ್ಲಣ್ಣ ಅದನ್ನೂ ಮುಟ್ಟಲಿಲ್ಲ. ಗಲ್ಲಾದಲ್ಲಿ ಟೆಲಿಫೋನಿಗೆ ಹಾಕುವ ಬಿಲ್ಲೆ ಕೊಂಡುಕೊಂಡ.

"ಯಾರಿಗೆ?" ಎಂದೆ.

"ರೋಸಾಗೆ. ಪಿಯೆತ್ರೊ ಇವತ್ತೇ ಬಂದು ತಗೊಂಡೋಗ್ಲಿ. ಮನೆಗೆ ಅವನೇ ಓಡಿಸ್ಲಿ. ನಾಳೆ ಅಂದ್ರೆ ನನಗೆ ಮನಸ್ಸು ಬರಲ್ಲ."

ಗೋಡೆಯ ಮೇಲಿನ ಟೆಲಿಫೋನಿನ ಕಡೆಗೆ ಹೊರಟ. ಕಾಲನ್ನು ಎಂದಿಗಿಂತ ಹೆಚ್ಚಾಗಿ ಎಳೆಯುತ್ತಿದ್ದ. ಕಾಲು ಸತ್ತಿದೆ ಎಂದು ಅವನು ನಂಬಿದ್ದನಲ್ಲ, ಅದೂ ಹಾಗೇ ನಡೆಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಕಾರ್ಲಣ್ಣ, ಫೋನ್ ಮಾಡ್ಬೇಡ!" ಎಂದು ಕೂಗಿದೆ. "ನಿನ್ ಕಾಲ್ದಲ್ಲ ತಪ್ಪು. ನಂದು!"

ಅಷ್ಟು ದೊಡ್ಡ ಕನ್ನಡ ಅವನಿಗೆ ಬರುತ್ತಿರಲಿಲ್ಲ. ಬರುವ ಇಟಾಲಿಯನ್ ಎಲ್ಲ ಆ ಗಳಿಗೆಗೆ ನನಗೆ ಮರೆತುಹೋಗಿತ್ತು. ಎಡಗಾಲಿನ ಬೂಟು ಬಿಚ್ಚಿ, ಕಾಫಿ ಬಟ್ಟಲುಗಳ ನಡುವೆ ಮೇಜಿನ ಮೇಲಿಟ್ಟೆ. ಅಂಗಡಿಯವಳು ಕಿರುಚಿದಳು. ಚರ್ಮದ ಮೇಲಿನ ಗೆರೆಗಳನ್ನು ಬೆರಳಿನಿಂದ ತೋರಿಸಿದೆ.

ಅವನು ಬೂಟನ್ನು ನೋಡಿದ, ನನ್ನ ಕಾಲನ್ನು ನೋಡಿದ. ಬೂಟನ್ನು ಕಿತ್ತುಕೊಂಡು ಹೊರಗೆ ಓಡಿದ. ಓಡಿದ ಎಂದು ಸುಮ್ಮನೆ ಬರೆಯುತ್ತಿಲ್ಲ. ಆ ಕಾಲಿನಲ್ಲಿ ನಿಜವಾಗಿಯೂ ಓಡಿದ. ಕಾರಿನಲ್ಲಿ ಕೂತು, ಬೂಟನ್ನು ಬ್ರೇಕಿನ ಕೆಳಗಿಟ್ಟು ಒತ್ತಿದ. ಅಲ್ಲಾಡಲಿಲ್ಲ. ತೆಗೆದು ಒತ್ತಿದ. ಸಲೀಸಾಗಿ ಇಳಿಯಿತು. ಇಟ್ಟು ಒತ್ತಿದ, ತೆಗೆದು ಒತ್ತಿದ. ಆಮೇಲೆ ಇಳಿದು ಬಂದು, ನನ್ನ ಅಂಗಿಯ ಕಾಲರ್ ಹಿಡಿದು, ಇಟಾಲಿಯನ್ನಿನಲ್ಲಿ ಶುರುಮಾಡಿ, ಇಂಗ್ಲಿಷಿಗೆ ಬಂದು, ಕೊನೆಗೆ ಜಾಲಹಳ್ಳಿಯ ಬೇಲಿಯ ಬಳಿ ಯಾರ ಬಾಯಲ್ಲಿ ಕೇಳಿದ್ದನೋ, "ಲೇ ಬಡ್ಡೀಮಗ್ನೇ!" ಎಂದು ಅಂಗಡಿ ಅದುರುವಂತೆ ಕೂಗಿದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬೈಸಿಕೊಂಡು ಅಷ್ಟು ಸಂತೋಷ ನನಗೆ ಜೀವನದಲ್ಲಿ ಆಗಿರಲಿಲ್ಲ.

ಅವನೇ ರೋಸಾಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದ. ಮುಚ್ಚಿಡಬಹುದಿತ್ತು, ಅದು ಅವನ ಜಾಯಮಾನವಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮುಖ ಸಣ್ಣದು ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟ.

"ಮುನಿ," ಎಂದಳು ರೋಸಾ, "ಆ ಕಾರ್ ಉಳಿಸ್ಕೊಳ್ಳೋಕೆ ನನ್ ಗಂಡ ಎಂಥ ಕಥೆ ಬೇಕಾದ್ರೂ ಕಟ್ತಾನೆ. ನೀನ್ ಹೇಳು. ಬೂಟು ಬಿಚ್ಚಿದ್ದು ನಿಜಾನಾ?"

ಫೋನು ಗೊರಗೊರ ಎನ್ನುತ್ತಿತ್ತು. ಕೂಗಿ ಹೇಳಬೇಕಿತ್ತು. ಅಂಗಡಿಯಲ್ಲಿದ್ದ ಲಾರಿಯವರೆಲ್ಲ ಕಾಫಿ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಮರೆತಿದ್ದ ಇಟಾಲಿಯನ್ ನಿಧಾನವಾಗಿ ವಾಪಸ್ಸು ಬಂತು.

"ನಿಜ ಅತ್ತಿಗೆ. ನಮ್ಮೂರಲ್ಲಿ ಒಳ್ಳೇ ಗಾಡಿ ಹತ್ತೋವಾಗ ಕಾಲಲ್ಲಿರೋದನ್ನ ಬಿಡ್ತೀವಿ."

"ಎಲ್ಲರೂ?"

"ಎಲ್ಲರೂ. ಬಿಡೋಕೆ ಇದ್ದೋರು ಬಿಡ್ತಾರೆ. ಅರ್ಧ ಊರಿಗೆ ಕಾಲಿಗೆ ಏನೂ ಇಲ್ಲ. ನಮ್ಮಪ್ಪ ಸಾಯೋವರ್ಗೂ ಬರಿಗಾಲಲ್ಲೇ ಓಡಾಡ್ದ."

ಹೇಳಿಬಿಟ್ಟೆ. ಯಾರೂ ನಗಲಿಲ್ಲ. ಬುರುಡೆಗಳ ಲಾರಿಯವನು ತನ್ನಪ್ಪನೂ ಹಾಗೇ ಇದ್ದ ಎನ್ನುವಂತೆ ಏನೋ ಗೊಣಗಿ ಕಾಫಿಗೆ ತಿರುಗಿದ.

ಆ ಕಡೆಯಿಂದ ರೋಸಾ, "ಆ ಜಮಖಾನ ತೊಳೆದವಳು ನಾನು," ಎಂದಳು. "ಮರ್ಯಾದೆ ಕೊಟ್ಟಿದ್ದು ನೀನೊಬ್ಬನೇ. ಅವನಿಗೆ ಹೇಳು, ಮನೆಗೆ ಬರೋವಾಗ ಅವನೂ ಬೂಟು ಬಿಚ್ಚಿ ಕೂತ್ಕೊಳ್ಳಲಿ. ಹಾಗಾದ್ರೆ ಪಿಯೆತ್ರೊಗೆ ನಾನೇ ಇಲ್ಲ ಅಂತೀನಿ."

ಕಾರ್ಲಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿದ. ಮೊದಲು ಬಲಗಾಲಿನದು. ಗಾಯದ ಗುರುತಿದ್ದ ಆ ಕಾಲನ್ನು ಬ್ರೇಕಿನ ಮೇಲಿಟ್ಟು, ಮೆಲ್ಲಗೆ ಒತ್ತಿ, ಬಿಟ್ಟು, ಮತ್ತೆ ಒತ್ತಿ, "ಬರಿಗಾಲಿಗೆ ಚೆನ್ನಾಗಿ ತಿಳಿಯುತ್ತೆ ಮುನಿ," ಎಂದ. ಮಿಲಾನಿನವರೆಗೂ ಮೊದಲಿನ ವೇಗದಲ್ಲೇ ಓಡಿಸಿದ. ಅವನವೂ ನನ್ನವೂ ಸೇರಿ ನಾಲ್ಕು ಬೂಟುಗಳನ್ನು ನಾನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈಯಿಂದ ಬಿಗಿಯಾಗಿ ಅಪ್ಪಿ ಹಿಡಿದು ಕುಳಿತಿದ್ದೆ.